ಮಸಿಗೆ ಎರಡು ಕೂದಲು

ನಮ್ಮೂರಲ್ಲಿ ನೀರು ಇರುವುದು ಕುಡಿಯಲಿಕ್ಕೆ, ಅನ್ನ ಬೇಯಿಸಲಿಕ್ಕೆ, ಬಿಸಿಲು ಹೆಚ್ಚಾದಾಗ ತಲೆ ಮೇಲೆ ಸುರಿದುಕೊಳ್ಳಲಿಕ್ಕೆ. ತೊಳೆಯುವ ಕೆಲಸ ಅದಕ್ಕೆ ಬರುವುದಿಲ್ಲ. ಒಮ್ಮೆ ಅಂಟಿದ್ದು ಅಂಟಿದ್ದೇ. ಸಾರಿನ ಪಾತ್ರೆಯನ್ನು ಹೊಳೆಯಲ್ಲಿ ಮೂರು ದಿನ ಮುಳುಗಿಸಿಟ್ಟರೂ ಅದು ಸಾರಿನ ಪಾತ್ರೆಯಾಗಿಯೇ ಮೇಲೆ ಬರುತ್ತದೆ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ ಅಳುತ್ತಾರೆ. ಎರಡನೇ ವಾರ ಪಾತ್ರೆಗಳನ್ನು ಕುಕ್ಕೆಗೆ ತುಂಬಿಕೊಂಡು ನನ್ನ ಮನೆಗೆ ಬರುತ್ತಾರೆ.

ನನ್ನ ಹೆಸರು ಲಕ್ಕಮ್ಮ. ಊರಿನ ಕೊಳೆ ಬಿಡಿಸುವವಳು ನಾನು. ನನಗಿಂತ ಮೊದಲು ನನ್ನ ಅತ್ತೆ ಬಿಡಿಸುತ್ತಿದ್ದಳು, ಅವಳಿಗಿಂತ ಮೊದಲು ಅವಳ ಅತ್ತೆ. ಮನೆಯ ನಡುಕೋಣೆಯಲ್ಲಿ ಚಕ್ರದ ಹಲಗೆಯ ಮೇಲೆ ಮಿಂಚಿನ ಪೆಟ್ಟಿಗೆ ಇದೆ. ಅದರ ಮಿಂಚನ್ನು ಕಂಡವರಿಲ್ಲ. ಕಣ್ಣು ತೆರೆದಿಟ್ಟುಕೊಂಡವರ ಕಣ್ಣು ಹೋಗಿದೆಯೇ ಹೊರತು ಮಿಂಚು ಕಂಡಿಲ್ಲ, ಅಷ್ಟು ಚುರುಕು ಅದು. ಪೆಟ್ಟಿಗೆಯೊಳಗೆ ಬೆಳಕು ಎರಡಾಗಿ ಒಡೆಯುತ್ತದೆ. ಒಂದು ನೆಟ್ಟಗೆ ಹೋಗಿ ಬಡಿಯುತ್ತದೆ. ಇನ್ನೊಂದು ಒಂದು ಕನ್ನಡಿಯವರೆಗೆ ಸುತ್ತಿಕೊಂಡು ಬಂದು, ಅದರ ಹಿಂದೆಯೇ ಬಡಿಯುತ್ತದೆ.

ಅತ್ತೆ ನನಗೆ ಕೆಲಸ ಕಲಿಸುವಾಗ ಹೇಳಿದ್ದು ಇಷ್ಟೆ. "ಕೊಳೆ ಅನ್ನೋದು ಜಗಲಿ ಮೇಲೆ ಕೂತ ಮುದುಕನ ಹಂಗೆ ಕಣೆ. ಮೊದ್ಲನೇ ಮಿಂಚಿಗೆ ಎದ್ದು ನಿಂತ್ಕೋತದೆ. ಅಷ್ಟಕ್ಕೇ ಬಿಟ್ರೆ ಗೊಣಗ್ಕೊಂಡು ಮತ್ತೆ ಅಲ್ಲೇ ಕೂತ್ಕೋತದೆ. ಎದ್ದು ನಿಂತಿರೋವಾಗ್ಲೇ ಎರಡನೇದು ಬಂದು ನೂಕ್ಬೇಕು. ಪಾತ್ರೆಗೆ ಗೊತ್ತಾಗೋದ್ರೊಳಗೆ ಕೊಳೆ ಹೋಗಿರ್ಬೇಕು. ಪಾತ್ರೆ ಬಿಸಿ ಆಯ್ತೋ, ಅದು ಒಲೆ, ಮಿಂಚಲ್ಲ."

ಎರಡು ಮಿಂಚಿನ ನಡುವೆ ಎಷ್ಟು ಬಿಡುವು ಕೊಡಬೇಕು ಎನ್ನುವುದೇ ನಮ್ಮ ವಿದ್ಯೆ. ಕನ್ನಡಿಯನ್ನು ಹಿಂದಕ್ಕೆ ಸರಿಸಿದಷ್ಟೂ ಎರಡನೆಯದು ತಡವಾಗುತ್ತದೆ. ಸರಿಸುವುದು ಎಷ್ಟು? ಕೂದಲೆಳೆಯಷ್ಟು. ಗಾದೆಯ ಮಾತಲ್ಲ, ಲೆಕ್ಕವೇ ಹಾಗೆ. ಕನ್ನಡಿಯ ಕಾಲಿಗೂ ಅದರ ಮುಂದಿನ ಗೂಟಕ್ಕೂ ನಡುವೆ ಬಿಡಿಸುವವಳ ಕತ್ತಿನ ಹಿಂದಿನ ಕೂದಲನ್ನು ಕಿತ್ತು ಇಡಬೇಕು. ಮಸಿಗೆ ಎರಡು ಕೂದಲು, ಎಣ್ಣೆಜಿಡ್ಡಿಗೆ ಮೂರು, ಅರಿಶಿನಕ್ಕೆ ಐದು. ಮಸಿಗೆ ಇಟ್ಟ ಬಿಡುವಿನಲ್ಲಿ ಅರಿಶಿನ ಅಲ್ಲಾಡುವುದಿಲ್ಲ, ಅರಿಶಿನಕ್ಕೆ ಇಟ್ಟ ಬಿಡುವಿನಲ್ಲಿ ಮಸಿ ಅಲ್ಲಾಡುವುದಿಲ್ಲ. ಕೂದಲು ಸವೆದು ತೆಳ್ಳಗಾದ ದಿನ ಅಳತೆ ಕೆಡುತ್ತದೆ, ಆ ದಿನ ಪೆಟ್ಟಿಗೆಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಬೇಕು. ನನ್ನ ಅತ್ತೆ ಐವತ್ತೆರಡಕ್ಕೆ ಬಿಟ್ಟುಕೊಟ್ಟಳು. ಆಮೇಲೆ ಹನ್ನೊಂದು ವರ್ಷ ಜಗಲಿಯ ಮೇಲೆ ಕೂತಿದ್ದಳು. ಕುಕ್ಕೆ ಹೊತ್ತು ಬಂದವರು ಅವಳನ್ನು ದಾಟಿಕೊಂಡು ಒಳಗೆ ಬರುತ್ತಿದ್ದರು, ಊಟ ಆಯಿತಾ ಎಂದೂ ಕೇಳುತ್ತಿರಲಿಲ್ಲ. ನನಗೆ ಈಗ ಐವತ್ತೇಳು. ತಲೆ ಬಾಚಿದರೆ ಬಾಚಣಿಗೆಯಲ್ಲಿ ಒಂದು ಹಿಡಿ ಬರುತ್ತದೆ. ನಾನು ಸೆರಗು ಹೊದ್ದು ಓಡಾಡುವುದು ಮರ್ಯಾದೆಗೆ ಎಂದು ಊರು ತಿಳಿದಿದೆ.

ಬಿಟ್ಟ ಕೊಳೆ ಎಲ್ಲಿ ಹೋಗುತ್ತದೆ ಎಂದು ಕೇಳುವವರಿದ್ದಾರೆ. ನೆಟ್ಟಗೆ ಎದುರಿಗೆ ಹೋಗುತ್ತದೆ, ಅಡ್ಡಾದಿಡ್ಡಿ ಹೋಗುವ ಬುದ್ಧಿ ಅದಕ್ಕಿಲ್ಲ. ಆದ್ದರಿಂದ ವಸ್ತುವಿನ ಮುಂದೆ ಒಂದು ಗೇಣು ದೂರದಲ್ಲಿ ಗಾಜಿನ ಹಲಗೆ ನಿಲ್ಲಿಸುತ್ತೇವೆ. ಮಿಂಚು ಗಾಜನ್ನು ಹಾದು ಹೋಗಿ ಬಡಿಯುತ್ತದೆ, ಕೊಳೆ ಎದ್ದು ಬಂದು ಇದ್ದ ಆಕಾರದಲ್ಲೇ ಗಾಜಿಗೆ ಕೂರುತ್ತದೆ. ಸಂಜೆ ಗಾಜನ್ನು ಹಿತ್ತಿಲ ಕಿಟಕಿಯ ಕಡೆಗೆ ತಿರುಗಿಸಿ ಹಿಂದಿನಿಂದ ಮಿಂಚು ಕೊಟ್ಟರೆ ಎಲ್ಲ ಹೊರಗೆ ಬೀಳುತ್ತದೆ. ಹಿತ್ತಿಲಲ್ಲಿ ಮೂರು ತಲೆಮಾರಿನ ಕೊಳೆ ದಿಬ್ಬವಾಗಿ ನಿಂತಿದೆ. ಅಂದಂದಿನದು ಇಬ್ಬನಿ ಬೀಳುವ ತನಕ ಮೇಲೆ ಸಡಿಲವಾಗಿ ಇರುತ್ತದೆ. ಆಮೇಲೆ ಅದೂ ಅಂಟುತ್ತದೆ.

ಬಿಡಿಸಬಾರದ್ದು ಊರಿನಲ್ಲಿ ಒಂದೇ ಇದೆ, ಅರಿಶಿನದ ಕೈ. ಮಗುವಿಗೆ ಐದು ತುಂಬಿದ ವರ್ಷ ಅದರ ಬಲಗೈಯನ್ನು ಅರಿಶಿನದಲ್ಲಿ ಅದ್ದಿ ತಲೆಬಾಗಿಲಿಗೆ ಒತ್ತಿಸುತ್ತಾರೆ. ಮಕ್ಕಳು ಬೆಳೆದು ಎಲ್ಲಿಗೆ ಹೋದರೂ ಬಾಗಿಲಲ್ಲಿ ಐದು ವರ್ಷದ ಕೈ ಇರುತ್ತದೆ. ನನ್ನ ಬಾಗಿಲಲ್ಲೂ ಒಂದಿತ್ತು, ನನ್ನ ಮಗಳು ಸುಬ್ಬಿಯದು. ಅವಳು ಹೊಳೆಯಾಚೆ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ.

ಹೋದ ಬೇಸಿಗೆಯಲ್ಲಿ ಪುರಿಭಟ್ಟಿಯ ದೇವೀರಮ್ಮ ಬಂದಳು. ಸಂತೆಬೀದಿಯ ತುದಿಯಲ್ಲಿ ಅವಳ ಮನೆ. ಮುಂದಿನ ಅಂಕಣದಲ್ಲೇ ಭಟ್ಟಿ, ಬೆಳಗಿಂದ ಸಂಜೆಯವರೆಗೆ ಹೊಟ್ಟಿನ ಬೆಂಕಿ, ಮರಳು ಕಾಯಿಸಿ ಅಕ್ಕಿ ಹುರಿದು ಪುರಿ ಮಾಡುತ್ತಾರೆ. ಅವಳಿಗೆ ಒಬ್ಬಳೇ ಮಗಳಿದ್ದಳು, ಚೆಲುವಿ. ಒಂಬತ್ತು ವರ್ಷದ ಹಿಂದೆ, ಐದು ತುಂಬಿದ ವರ್ಷವೇ, ಮೂರು ದಿನದ ಜ್ವರದಲ್ಲಿ ಹೋಯಿತು ಆ ಕೂಸು. ಸತ್ತವರ ಬಟ್ಟೆಬರೆ, ತಟ್ಟೆ ಲೋಟ ಎಲ್ಲ ಒಂಬತ್ತು ದಿನದೊಳಗೆ ಬಿಡಿಸಬೇಕೆಂಬುದು ನಮ್ಮೂರ ಪದ್ಧತಿ. ಚೆಲುವಿಯ ಲಂಗ, ಹೊದಿಕೆ, ಗಿಲಕಿ ಎಲ್ಲವನ್ನೂ ನಾನೇ ಬಿಡಿಸಿದ್ದೆ. ಕೂಸಿನ ಬೆವರು, ಜೊಲ್ಲು, ಎಣ್ಣೆ ಎಲ್ಲ ನನ್ನ ಗಾಜಿನ ಮೇಲೆ ಬಂದು ಕೂತು, ಹಿತ್ತಿಲಿಗೆ ಹೋಗಿತ್ತು.

ದೇವೀರಮ್ಮನ ಹಿಂದೆ ಭಟ್ಟಿಯ ಇಬ್ಬರು ಆಳುಗಳು ಒಂದು ಬಾಗಿಲನ್ನು ಹೊತ್ತು ತಂದಿದ್ದರು. ಒಳಮೈ ಕಪ್ಪೆಂದರೆ ಕಪ್ಪು, ಬಾಣಲೆಯ ತಳ ಇದ್ದ ಹಾಗೆ. ಅವರು ಅದನ್ನು ನಡುಕೋಣೆಯಲ್ಲಿ ನಿಲ್ಲಿಸಿ ಹೋದರು.

"ಲಕ್ಕಕ್ಕ, ಇದ್ರಲ್ಲಿ ಚೆಲುವಿ ಕೈಯದೆ," ಎಂದಳು ದೇವೀರಮ್ಮ. ಬಾಗಿಲ ನಡುವಿಗಿಂತ ಸ್ವಲ್ಪ ಕೆಳಗೆ ಬೆರಳಿಟ್ಟು ತೋರಿಸಿದಳು. "ವರ್ಷವರ್ಷವೂ ಹೊಗೆ ಕೂತು ಮುಚ್ಕೊಂಡು ಬಂತು. ಹೋದ ವರ್ಷದ ಗಂಟ ಕಿರುಬೆರಳ ತುದಿ ಕಾಣ್ತಿತ್ತು. ಈಗ ಅದೂ ಇಲ್ಲ. ಮೇಲಿಂದ ತೆಗೆದು ಕೈ ಉಳಿಸಿಕೊಡಿ. ನಂಗೆ ಅವಳದು ಅಂತ ಇನ್ನೇನೂ ಇಲ್ಲ."

ಇನ್ನೇನೂ ಇಲ್ಲದ ಹಾಗೆ ಮಾಡಿದವಳು ನಾನೇ, ಆದರೆ ಆ ಮಾತನ್ನು ಅವಳು ಆಡಲಿಲ್ಲ. ನಾನು ಹತ್ತಿರ ಹೋಗಿ ಓರೆಯಾಗಿ ನೋಡಿದೆ. ಮಸಿಯ ಮೇಲೆ ಮಸಿ, ಅದರೊಳಗೆ ಎಲ್ಲೋ ಸ್ವಲ್ಪ ದಪ್ಪಗೆ ಉಬ್ಬಿದಂತಿತ್ತು.

"ಒಳಗಿರೋದು ಅರಿಶಿನ ತಾನೆ?" ಎಂದು ಕೇಳಿದೆ. ಕೇಳಲೇಬೇಕು, ಅದು ನಮ್ಮ ಕಸುಬಿನ ಮೊದಲ ಪ್ರಶ್ನೆ.

ಅವಳು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. "ಹೂಂ, ಅರಿಶಿನವೇ. ಮತ್ತಿನ್ನೇನು."

"ಒಂದು ಬೆರಳ ತುದೀಲಿ ಸಾಸಿವೆ ಕಾಳಿನಷ್ಟು ಬಿಡಿಸಿ ನೋಡ್ಲಾ? ಅತ್ತೆ ಕಾಲದಿಂದ ಹಂಗೇ ನಡ್ಕೊಂಡು ಬಂದದೆ. ಬಾಯಿ ಮಾತು ನಂಬ್ಬೇಡ, ಒಂದು ಕಾಳು ನೋಡು ಅಂತಿದ್ಲು."

"ಬೇಡಿ ಅಕ್ಕ. ಅವಳ ಕೈ ಎಷ್ಟಗಲ ಇತ್ತು ಹೇಳಿ. ಅದರಲ್ಲಿ ಒಂದು ಕಾಳಿನಷ್ಟೂ ಹೋಗೋದು ಬೇಡ." ಅವಳ ಕಣ್ಣು ತುಂಬಿತ್ತು. "ನಿಮ್ಮ ಕೈ ನಂಗೊತ್ತಿಲ್ವಾ?"

ಹೊಗಳಿಕೆಗೆ ಸೋಲದವರು ಯಾರು? ಆಯಿತು ಎಂದೆ. ಭಟ್ಟಿಯ ಉರಿ ಬಿಟ್ಟು ಬಂದಿದ್ದೇನೆ, ಹೊತ್ತು ಮುಳುಗುವ ಮುಂಚೆ ಬರುತ್ತೇನೆ ಎಂದು ಹೇಳಿ ಅವಳು ಹೋದಳು. ಹೊಸ್ತಿಲು ದಾಟುವಾಗ ತಿರುಗಿ ಆ ಕಪ್ಪು ಬಾಗಿಲನ್ನು ಇನ್ನೊಮ್ಮೆ ನೋಡಿದಳು.

ನಾನು ಬಾಗಿಲ ಮುಂದೆ ಗಾಜು ನಿಲ್ಲಿಸಿದೆ. ಕತ್ತಿನ ಹಿಂದಿನಿಂದ ಎರಡು ಕೂದಲು ಕಿತ್ತೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಬೆಳ್ಳಗಿತ್ತು, ಒಂದು ಅರ್ಧ ಕಪ್ಪು. ತೆಳ್ಳಗಿವೆಯಾ? ಇದ್ದರೂ ಇರಬಹುದು ಅನ್ನಿಸಿತು. ಇನ್ನೊಂದು ಜೊತೆ ಕಿತ್ತೆ, ಅದೂ ಹಾಗೆಯೇ ಕಂಡಿತು. ಮೂರು ವರ್ಷದಿಂದ ಇದೇ ಸಂಶಯದಲ್ಲಿ ಪಾತ್ರೆ ಬಿಡಿಸಿದ್ದೆ, ಪಾತ್ರೆಗೆ ಏನಾದರೆ ಏನು. ಇದು ಪಾತ್ರೆಯಲ್ಲ. ಪಕ್ಕದ ಮನೆಯ ಹುಡುಗಿಯದೊಂದು ಕೂದಲು ಕೇಳಿ ತರಬಹುದಿತ್ತು. ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಎರಡು ಕೂದಲನ್ನೂ ಕನ್ನಡಿಯ ಕಾಲಿಗೆ ಇಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗುಂಡಿ ಒತ್ತಿದೆ.

ಬಟ್ಟೆ ಬಿಚ್ಚಿ ನೋಡಿದರೆ ಗಾಜು ಮೇಲಿಂದ ಕೆಳಗೆ ಕಪ್ಪಾಗಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆ. ಬಾಗಿಲು ಬಡಗಿಯ ಕೈಯಿಂದ ಈಗಷ್ಟೇ ಬಂದ ಹಾಗೆ ಇತ್ತು. ಹೊನ್ನೆಮರದ ಎಳೆ ಎಳೆಯೂ ಕಾಣುತ್ತಿತ್ತು. ಕೈ ಇರಲಿಲ್ಲ.

ಕುಕ್ಕರುಗಾಲಲ್ಲಿ ಕೂತು, ಆ ಜಾಗಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿದೆ. ಒಂದು ಹಳದಿ ಚುಕ್ಕೆಯೂ ಇಲ್ಲ. ಕೂದಲು ಕೈಕೊಟ್ಟಿತು ಅಂದುಕೊಂಡೆ. ಮಸಿಯ ಜೊತೆ ಅರಿಶಿನವನ್ನೂ ಎಬ್ಬಿಸಿ ಕಳಿಸಿಬಿಟ್ಟೆ. ಒಂಬತ್ತು ವರ್ಷದ ಹಿಂದೆ ಉಳಿದದ್ದನ್ನೆಲ್ಲ ತೆಗೆದಿದ್ದೆ, ಇವತ್ತು ಇದ್ದೊಂದನ್ನೂ ತೆಗೆದೆ. ಮುದುಕಿ, ಮೂರು ವರ್ಷದ ಹಿಂದೆಯೇ ಪೆಟ್ಟಿಗೆ ಬಿಟ್ಟು ಜಗಲಿಗೆ ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ನನ್ನನ್ನೇ ಬೈದುಕೊಂಡೆ. ಅಳು ಬಂತು, ಅತ್ತುಬಿಟ್ಟೆ. ಆದರೆ ಅಳುತ್ತಲೇ ತಲೆ ಬೇರೆ ಕಡೆ ಓಡುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಎರಡು ಕೂದಲಿಗೆ ಹೋಗುವುದರಲ್ಲಿತ್ತು.

ಆಗ ಕಣ್ಣು ನನ್ನ ತಲೆಬಾಗಿಲ ಮೇಲೆ ಬಿತ್ತು. ಸುಬ್ಬಿಯ ಕೈ ಅಲ್ಲಿತ್ತು, ಐದು ವರ್ಷದ್ದು, ಹಳದಿ. ಐದು ವರ್ಷದ ಹೆಣ್ಣುಮಕ್ಕಳ ಕೈ ಎಲ್ಲ ಒಂದೇ ಅಳತೆ. ನನ್ನ ಮಗಳು ಬದುಕಿದ್ದಾಳೆ. ಹಬ್ಬಕ್ಕೆ ಬಂದಾಗ ಅವಳ ನಿಜವಾದ ಕೈಯನ್ನೇ ಹಿಡಿದುಕೊಳ್ಳಬಹುದು. ದೇವೀರಿಗೆ ಹಿಡಿಯಲಿಕ್ಕೆ ಏನಿದೆ? ಹೀಗೆ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಅದರಲ್ಲಿ ಮರುಕ ಎಷ್ಟಿತ್ತು, ಭಯ ಎಷ್ಟಿತ್ತು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲಿಕ್ಕೆ ಬರುವುದಿಲ್ಲ.

ಬಾಗಿಲಿಂದ ಬಾಗಿಲಿಗೆ ನೇರ ಕಳಿಸಿದರೆ ಬಲಗೈ ಎಡಗೈಯಾಗಿ ಕೂರುತ್ತದೆ. ಒಮ್ಮೆ ಗಾಜಿಗೆ ತಂದು, ಗಾಜಿಂದ ಬಾಗಿಲಿಗೆ ಕಳಿಸಬೇಕು. ಅದಕ್ಕೆ ಗಾಜು ಶುದ್ಧವಾಗಿರಬೇಕು, ನನ್ನಲ್ಲಿರುವುದು ಒಂದೇ ಗಾಜು. ಅದನ್ನು ಎತ್ತಿ ಹಿತ್ತಿಲ ಕಿಟಕಿಗೆ ತಿರುಗಿಸಿ, ಅದೇ ಎರಡು ಕೂದಲಿನ ಮೇಲೆ ಮಿಂಚು ಕೊಟ್ಟೆ. ಮಸಿಯೆಲ್ಲ ಹೊರಗೆ ಬಿತ್ತು. ಒಂದು ಸಲವೂ ಆ ಗಾಜನ್ನು ಬಿಸಿಲಿಗೆ ಹಿಡಿದು ನೋಡಲಿಲ್ಲ. ನೋಡಬೇಕೆಂದು ಹೊಳೆಯಲೂ ಇಲ್ಲ.

ಆಮೇಲೆ ಕತ್ತಿನಿಂದ ಇನ್ನೂ ಮೂರು ಕೂದಲು ಕಿತ್ತು ಸೇರಿಸಿ ಐದು ಮಾಡಿ, ಪೆಟ್ಟಿಗೆಯನ್ನು ತಲೆಬಾಗಿಲ ಹತ್ತಿರ ಉರುಳಿಸಿಕೊಂಡು ಹೋದೆ. ಸುಬ್ಬಿಯ ಕೈ ಮೊದಲ ಸಲಕ್ಕೇ ಗಾಜಿಗೆ ಬಂತು. ಗಾಜಿಂದ ದೇವೀರಮ್ಮನ ಬಾಗಿಲಿಗೂ ಒಂದೇ ಸಲಕ್ಕೆ ಹೋಯಿತು. ಬಣ್ಣ ಸ್ವಲ್ಪ ಮಾಸಿತ್ತು, ಹೆಬ್ಬೆರಳ ಅಂಚು ಹರಿದಂತಿತ್ತು, ಅಷ್ಟೆ. ಐದು ಕೂದಲು ಅಷ್ಟು ಸರಿಯಾಗಿ ಕೆಲಸ ಮಾಡಿದ್ದನ್ನು ನೋಡಿ ಆಗಲೇ ನನಗೆ ತಿಳಿಯಬೇಕಿತ್ತು. ಐದು ಸರಿಯಾಗಿದ್ದ ಮೇಲೆ ಎರಡು ಹೇಗೆ ತಪ್ಪುತ್ತದೆ? ತಪ್ಪು ಮಾಡಿದ ಗಾಬರಿಯಲ್ಲಿ ಕಸುಬು ತಲೆಗೆ ಹತ್ತುವುದಿಲ್ಲ.

ಹೊತ್ತು ಮುಳುಗುವ ಮುಂಚೆ ದೇವೀರಮ್ಮ ಬಂದಳು. ತಲೆಬಾಚಿ, ಒಳ್ಳೆ ಸೀರೆ ಉಟ್ಟುಕೊಂಡು ಬಂದಿದ್ದಳು, ನೆಂಟರ ಮನೆಗೆ ಬಂದಂತೆ. ನನ್ನ ತಲೆಬಾಗಿಲು ಬೋಳಾಗಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ನಡುಕೋಣೆಗೆ ಹೋದಳು. ಬಾಗಿಲ ಮುಂದೆ ನಿಂತಳು. ನಾನು ಹಿಂದೆ ನಿಂತು ಅವಳ ಬೆನ್ನು ನೋಡುತ್ತಿದ್ದೆ. ಅಳುತ್ತಾಳೆ, ಬಾಗಿಲು ತಬ್ಬಿಕೊಳ್ಳುತ್ತಾಳೆ ಎಂದು ಕಾದೆ.

"ಇದು ಯಾರ ಕೈ ಲಕ್ಕಕ್ಕ?" ಎಂದಳು.

"ನಿನ್ನ ಮಗಳದ್ದೇ ಕಣವ್ವ. ಇನ್ಯಾರದು?"

ಅವಳು ತಿರುಗಲಿಲ್ಲ. "ಚೆಲುವಿಗೆ ನಾನು ಅರಿಶಿನದ ಕೈ ಇಡಿಸ್ಲೇ ಇಲ್ಲ," ಎಂದಳು. "ಐದು ತುಂಬ್ದಾಗ ಹಬ್ಬದ ಸಾಲು. ಭಟ್ಟಿ ಬಿಟ್ಟು ಏಳೋಕೆ ಆಗ್ತಿರ್ಲಿಲ್ಲ. ಹಬ್ಬ ಕಳೀಲಿ, ಇಡ್ಸಿದ್ರಾಯ್ತು ಅಂದೆ. ಹಬ್ಬ ಕಳೆಯೋಕೆ ಮುಂಚೆ ಅವಳೇ ಹೋದ್ಲು. ಐದು ತುಂಬಿದ ಮಗೂಗೆ ಕೈ ಇಡಿಸ್ದೆ ಕಳಿಸ್ದೋಳು ಅಂತ ಊರ ಬಾಯಿಗೆ ಬೀಳೋದು ಬೇಡ ಅಂತ ಯಾರಿಗೂ ಹೇಳ್ಲಿಲ್ಲ."

"ಮತ್ತೆ ಬಾಗಿಲಲ್ಲಿ ಇದ್ದದ್ದು?"

"ಮಸಿ. ಜ್ವರ ಬರೋ ಹಿಂದಿನ ದಿನ ಬಾಣಲೆ ತಳಕ್ಕೆ ಕೈ ಹಾಕಿ, ಓಡ್ಬಂದು ಬಾಗಿಲಿಗೆ ಒತ್ತಿದ್ಲು. ಎಲ್ರದೂ ಇದೆ, ನಂದೂ ಇರ್ಲಿ ಅಂದ್ಲು. ಹೊಸ ಬಾಗಿಲು ಹಾಳು ಮಾಡ್ದೆ ಅಂತ ಬೆನ್ನಿಗೆ ಎರಡು ಕೊಟ್ಟೆ ನಾನು." ಆಗ ತಿರುಗಿದಳು. ಅವಳ ಮುಖ ನೋಡಲಿಕ್ಕೆ ಆಗಲಿಲ್ಲ. "ಮಸಿ ಅಂದಿದ್ರೆ ಅರಿಶಿನ ಇಡ್ಸಿಲ್ಲ ಅಂತ ನಿಮಗೆ ಗೊತ್ತಾಗ್ಬಿಡ್ತಿತ್ತಲ್ಲ. ನಿಮ್ಮ ಕೈ ಒಳ್ಳೇದು, ಹೆಂಗಾದ್ರೂ ಉಳಿಸ್ತೀರಿ ಅಂದ್ಕೊಂಡೆ."

ನಾನು ಅಲ್ಲೇ ನೆಲಕ್ಕೆ ಕೂತೆ. ಮಸಿಯ ಕೈ ಮಸಿಯ ಜೊತೆಯಲ್ಲೇ ಎದ್ದು ಹೋಗಿತ್ತು. ನನ್ನ ಕೂದಲು ಸರಿಯಾಗಿಯೇ ಇತ್ತು. ಎಲ್ಲ ಹೇಳಿದೆ ಅವಳಿಗೆ, ಬೋಳು ಬಾಗಿಲು ಕಂಡದ್ದು, ಹೆದರಿದ್ದು, ಸುಬ್ಬಿಯ ಕೈ ಕಿತ್ತು ತಂದದ್ದು. ಹೇಳುತ್ತಾ ಹೋದಂತೆ ಇನ್ನೊಂದು ಮಾತು ನನ್ನೊಳಗೆ ಎದ್ದು ನಿಂತಿತು, ಅದನ್ನು ಹೇಳದೆ ಇದ್ದುಬಿಡೋಣ ಅನ್ನಿಸಿತು. ಅವಳೇ ಕೇಳಿದಳು.

"ಅಂದ್ರೆ ಅವಳ ಕೈ ಗಾಜಿಗೆ ಬಂದಿತ್ತಾ?"

"ಬಂದಿತ್ತು."

"ಹಂಗೇ? ಬೆರಳೆಲ್ಲಾ?"

"ಬಾಣಲೆ ಮಸಿ ದಪ್ಪ. ಬಿಸಿಲಿಗೆ ಹಿಡಿದಿದ್ರೆ ಐದು ಬೆರಳೂ ಕಾಣ್ತಿತ್ತು."

"ಗಾಜೆಲ್ಲಿ?"

ಗಾಜು ಗೋಡೆಗೆ ಒರಗಿತ್ತು. ಆಚೆಯ ಗೋಡೆಯ ಬಿರುಕು ಕೂಡ ಅದರ ಮೂಲಕ ಕಾಣುವಷ್ಟು ಶುದ್ಧವಾಗಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಂದು ಬೈಗುಳವನ್ನಾದರೂ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಕಿಟಕಿ ತೋರಿಸಿದೆ.

ಅವಳು ಹಿತ್ತಿಲಿಗೆ ಹೋದಳು. ನಾನು ಕಿಟಕಿಯಿಂದ ನೋಡಿದೆ. ಇಬ್ಬನಿ ಇನ್ನೂ ಬಿದ್ದಿರಲಿಲ್ಲ. ಕಿಟಕಿಯ ಕೆಳಗೆ ದಿಬ್ಬದ ಮೇಲೆ ಆ ದಿನದ ಮಸಿ ಸಡಿಲವಾಗಿ ಬಿದ್ದಿತ್ತು, ಬೇರೆ ಯಾರ ಮನೆಯದೂ ಅಲ್ಲ, ಅವಳ ಬಾಗಿಲಿನದೇ. ಒಳ್ಳೆ ಸೀರೆಯಲ್ಲೇ ಮಂಡಿಯೂರಿ ಕೂತಳು. ಎಷ್ಟೋ ಹೊತ್ತು ಅದನ್ನು ನೋಡಿದಳು. ಯಾವ ಹಿಡಿಯಲ್ಲಿ ಮಗಳಿದ್ದಾಳೆ ಎಂದು ಯಾರು ಹೇಳಬೇಕು? ಕೊನೆಗೆ ಬಲಗೈಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಆ ಮಸಿಯ ಮೇಲೆ ಅತ್ತಿಂದಿತ್ತ, ಒಂದು ಚೂರೂ ಬಿಡದಂತೆ ಸವರಿದಳು. ಮಗುವಿನ ತಲೆಗೆ ಎಣ್ಣೆ ಹಚ್ಚುವಾಗ ಸವರುವ ಹಾಗೆ.

ಒಳಗೆ ಬಂದು ಸುಬ್ಬಿಯ ಹಳದಿ ಕೈಯ ಪಕ್ಕದಲ್ಲಿ ತನ್ನ ಕೈಯನ್ನು ಒತ್ತಿದಳು. ಕಪ್ಪು ಕೈ ದೊಡ್ಡದಾಗಿ ಮೂಡಿತು.

"ಸುಬ್ಬಿ ಕೈ ವಾಪಸ್ ಕಳಿಸೋಕೆ ಬರ್ತದಾ?" ಎಂದು ಕೇಳಿದಳು.

"ಇನ್ನೊಂದು ಸಲ ಎಬ್ಬಿಸಿದ್ರೆ ಉಳಿಯಾಕಿಲ್ಲ ಕಣವ್ವ. ಅಲ್ಲೇ ಇರ್ಲಿ."

ನಾನು ಪೆಟ್ಟಿಗೆಯ ಕಡೆ ತಿರುಗಿ, "ಬಾ, ಕೈ ಬಿಡಿಸಿಕೊಡ್ತೀನಿ," ಎಂದೆ. ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಳುಗಳು ಬಂದು ಬಾಗಿಲು ಹೊತ್ತರು, ಅವಳು ಅವರ ಹಿಂದೆ ಹೋದಳು.

ಹಬ್ಬಕ್ಕೆ ಸುಬ್ಬಿ ಬಂದಳು. ಬೋಳು ಬಾಗಿಲು ನೋಡಿ, "ಅವ್ವ, ನನ್ನ ಕೈಯೆಲ್ಲಿ?" ಎಂದು ಕೇಳಿದಳು. ಹೇಳಿದೆ. ಅವಳು ಜಗಳವಾಡಲಿಲ್ಲ. ಹೊರಡುವಾಗ ಮಾತ್ರ, ಯಾವಾಗಲೂ ಬಾಗಿಲಿಗೆ ಕೈಯಿಟ್ಟು ಬರ್ತೀನಿ ಅನ್ನುವವಳು, ಆ ಸಲ ಸುಮ್ಮನೆ ಮೆಟ್ಟಿಲಿಳಿದಳು. ಪೆಟ್ಟಿಗೆ ಇನ್ನೂ ನನ್ನಲ್ಲೇ ಇದೆ. ಕೂದಲಿಗೆ ಏನೂ ಆಗಿಲ್ಲ.

ದೇವೀರಮ್ಮ ಆಮೇಲೆ ನನ್ನ ಮನೆಗೆ ಬಂದಿಲ್ಲ. ಪುರಿ ಬೇಕಾದರೆ ನಾನೇ ಹೋಗುತ್ತೇನೆ. ಭಟ್ಟಿಯ ಹೊಗೆ ಆ ಬಾಗಿಲ ಮೇಲೆ ಮತ್ತೆ ಕೂರುತ್ತಿದೆ, ಹಳದಿ ಕೈಯ ಬೆರಳುಗಳು ಆಗಲೇ ಮಂಕಾಗಿವೆ, ಕಪ್ಪು ಕೈ ಹೊಗೆಯೊಳಗೆ ಕಾಣುವುದೇ ಇಲ್ಲ. ಆ ದಿನದ ಮಸಿ ಅಂಟಿದ ಅವಳ ಬಲಗೈ ಸೆರಗಿನೊಳಗೇ ಇರುತ್ತದೆ. ಎಡಗೈಯಲ್ಲೇ ಪುರಿ ಅಳೆಯುತ್ತಾಳೆ, ಎಡಗೈಯಲ್ಲೇ ಕೊಡುತ್ತಾಳೆ. ಬೇರೆ ಯಾರಾದರೂ ಎಡಗೈಯಲ್ಲಿ ಕೊಟ್ಟರೆ ನಮ್ಮೂರಿನವರು ಮುಖಕ್ಕೆ ಎಸೆದು ಬರುವ ಜನ. ಅವಳು ಕೊಟ್ಟದ್ದನ್ನು ಮಾತ್ರ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ.